ಬೇರೂರಿದ ನೆಲದಲ್ಲೇ ಬದುಕು: ಮಕ್ಕಳಿಗೆ ಸಸ್ಯಗಳ ಹೊಂದಾಣಿಕೆಯ ಪಾಠ

ಬಿಸಿಲು ಹೆಚ್ಚಾದರೆ ನಾಯಿ ನೆರಳನ್ನು ಅರಸುತ್ತದೆ, ಎಮ್ಮೆ ನೀರಿಗಿಳಿಯುತ್ತದೆ, ಹಕ್ಕಿ ಬೇರೊಂದು ನಾಡಿಗೆ ಹಾರುತ್ತದೆ. ಮನುಷ್ಯನಂತೂ ಹೊಟ್ಟೆಪಾಡಿಗಾಗಿ ಊರನ್ನೇ ಬದಲಿಸುತ್ತಾನೆ. ಪುಣೆಯಲ್ಲಿ ನೆಲೆಸಿರುವ ನಮ್ಮಂತಹ ಕನ್ನಡಿಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಗಿಡಮರಗಳಿಗೆ ಈ ಸೌಲಭ್ಯವಿಲ್ಲ. ಬೀಜ ಬಿದ್ದ ಜಾಗದಲ್ಲಿಯೇ ಮೊಳೆತು, ಅಲ್ಲಿನ ಬಿಸಿಲು, ಮಳೆ, ಗಾಳಿ, ದನಕರು, ಕೀಟಗಳನ್ನೆಲ್ಲ ಎದುರಿಸಿ, ಹೂವು ಕಾಯಿ ಬಿಟ್ಟು, ಮುಂದಿನ ಪೀಳಿಗೆಯನ್ನು ಅಣಿಗೊಳಿಸಬೇಕು. ಇದು ಹೇಗೆ ಸಾಧ್ಯವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವೇ ಸಸ್ಯಗಳ ಹೊಂದಾಣಿಕೆ.

ಪ್ರಾಥಮಿಕ ಶಾಲೆಯ ಪರಿಸರ ಅಧ್ಯಯನದ ಪುಸ್ತಕಗಳಲ್ಲಿ ಈ ಪಾಠ ಇದ್ದೇ ಇರುತ್ತದೆ. ಮರುಭೂಮಿಯ ಕಳ್ಳಿ, ಕೊಳದ ತಾವರೆ, ಹಿಮಪರ್ವತದ ದೇವದಾರು ಎಂಬ ಮೂರು ಚಿತ್ರಗಳು, ಅವುಗಳ ಕೆಳಗೆ ಮೂರು ವಾಕ್ಯಗಳು. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆಯುತ್ತಾರೆ. ಆದರೆ ಮರುಭೂಮಿಯನ್ನಾಗಲಿ ಹಿಮಪರ್ವತವನ್ನಾಗಲಿ ಕಾಣದ ಮಗುವಿಗೆ ಈ ಪಾಠ ಎಲ್ಲೋ ದೂರದ ಸುದ್ದಿಯಾಗಿಯೇ ಉಳಿಯುತ್ತದೆ. ತನ್ನ ಮನೆಯ ಎದುರಿನ ಅರಳಿಮರಕ್ಕೂ, ಶಾಲೆಯ ಹಿಂದಿನ ಟೇಕಡಿಯ ಹುಲ್ಲಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದು ಅದರ ಅರಿವಿಗೆ ಬರುವುದಿಲ್ಲ.

ಈ ಲೇಖಕ ವೃತ್ತಿಯಿಂದ ಬ್ಯಾಂಕಿನವನು. ಓದಿದ್ದು ಕಲಾ ವಿಭಾಗದಲ್ಲಿ. ವಿಜ್ಞಾನದ ಪಂಡಿತರಿಗಾಗಿ ಈ ಬರಹವಲ್ಲ. ಮಕ್ಕಳ ಕೈ ಹಿಡಿದು ವಾಯುವಿಹಾರಕ್ಕೆ ಹೊರಡುವ ತಂದೆ ತಾಯಿ, ಅಜ್ಜ ಅಜ್ಜಿಯರು ದಾರಿಯಲ್ಲಿ ಏನನ್ನು ತೋರಿಸಬಹುದು, ಹೇಗೆ ವಿವರಿಸಬಹುದು ಎಂಬುದಷ್ಟೇ ಇಲ್ಲಿನ ಉದ್ದೇಶ.

ನೀರಿನ ಆಯ-ವ್ಯಯ

ಯಾವ ಗಿಡವನ್ನು ತೋರಿಸುವುದಕ್ಕೂ ಮೊದಲು ಮಗುವಿಗೆ ಒಂದು ಮೂಲ ಸಂಗತಿ ತಿಳಿದಿರಬೇಕು. ಎಲೆಯ ಮೈಮೇಲೆ, ಹೆಚ್ಚಾಗಿ ಅದರ ಅಡಿಭಾಗದಲ್ಲಿ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ರಂಧ್ರಗಳಿರುತ್ತವೆ. ಇವೇ ಪತ್ರರಂಧ್ರಗಳು. ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡನ್ನು ಗಿಡ ಈ ಬಾಗಿಲುಗಳಿಂದಲೇ ಒಳಗೆ ಬಿಟ್ಟುಕೊಳ್ಳಬೇಕು. ಆದರೆ ಬಾಗಿಲು ತೆರೆದೊಡನೆ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಅನ್ನ ಬೇಕೆಂದರೆ ನೀರನ್ನು ತೆರಬೇಕು. ನೀರನ್ನು ಉಳಿಸಬೇಕೆಂದರೆ ಅನ್ನಕ್ಕೆ ಕೊರತೆ. ಸಸ್ಯಜೀವನದ ಮುಖ್ಯ ಇಕ್ಕಟ್ಟು ಇದು. ಬೇರು ತರುವ ನೀರು ಆದಾಯ, ಎಲೆ ಕಳೆದುಕೊಳ್ಳುವ ನೀರು ಖರ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತು ಗಿಡಗಳ ಲೋಕದಲ್ಲಿ ಅಕ್ಷರಶಃ ಸತ್ಯ.

ಇದನ್ನು ಬಾಲ್ಕನಿಯಲ್ಲಿಯೇ ತೋರಿಸಬಹುದು. ಬೆಳಿಗ್ಗೆ ಬಿಸಿಲು ಬೀಳುವ ದಾಸವಾಳದ ಒಂದು ಎಲೆತುಂಬಿದ ಕೊಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಕಟ್ಟಿ, ಬಾಯಿಯನ್ನು ದಾರದಿಂದ ಬಿಗಿಯಿರಿ. ಪಕ್ಕದ ಕುಂಡದಲ್ಲಿರುವ ಲೋಳೆಸರದ ಒಂದು ಎಲೆಗೂ ಹಾಗೆಯೇ ಮಾಡಿ. ಮಧ್ಯಾಹ್ನದ ವೇಳೆಗೆ ದಾಸವಾಳದ ಚೀಲದ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿರುತ್ತವೆ. ಲೋಳೆಸರದ ಚೀಲ ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಏಕೆಂದರೆ ಲೋಳೆಸರವು ಕಳ್ಳಿಯ ಹಾಗೆ ಹಗಲಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ರಾತ್ರಿ ಒಳಗೆ ತೆಗೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಸೂರ್ಯನ ಬೆಳಕು ಬಂದಾಗ ಬಳಸುತ್ತದೆ. ರಾತ್ರಿ ಜಮೆ, ಹಗಲು ವಿನಿಯೋಗ ಎಂದರೆ ಮಕ್ಕಳಿಗೂ ಅರ್ಥವಾಗುತ್ತದೆ.

ಎರಡನೆಯ ಪ್ರಯೋಗ ಇನ್ನೂ ಸುಲಭ. ಒಂದೇ ಅಳತೆಯ ಎರಡು ಕರವಸ್ತ್ರಗಳನ್ನು ನೀರಿನಲ್ಲಿ ಅದ್ದಿ ಹಿಂಡಿ, ಒಂದನ್ನು ಹಗ್ಗದ ಮೇಲೆ ಹರಡಿ, ಇನ್ನೊಂದನ್ನು ಬಿಗಿಯಾಗಿ ಸುರುಳಿ ಸುತ್ತಿ ಅದೇ ಬಿಸಿಲಿನಲ್ಲಿ ಇಡಿ. ಹರಡಿದ್ದು ಬೇಗನೆ ಒಣಗುತ್ತದೆ, ಸುತ್ತಿದ್ದು ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ಅಗಲವಾದ ಎಲೆಗಿಂತ ದಪ್ಪನೆಯ ಕಾಂಡ ನೀರನ್ನು ಏಕೆ ಚೆನ್ನಾಗಿ ಕಾಪಾಡುತ್ತದೆ ಎಂಬ ಪ್ರಶ್ನೆಗೆ ಆ ಎರಡು ಕರವಸ್ತ್ರಗಳು ಉತ್ತರ ಹೇಳುತ್ತವೆ.

ಕಳ್ಳಿಯೂ ಪಾಪಾಸುಕಳ್ಳಿಯೂ ಒಂದೇ ಅಲ್ಲ

ಪುಣೆಯ ಸುತ್ತಲಿನ ಕೋಟೆಗಳ ಇಳಿಜಾರಿನಲ್ಲಿ, ಸೊಲ್ಲಾಪುರ, ವಿಜಯಪುರದ ಹೊಲಗಳ ಬೇಲಿಯಲ್ಲಿ ಎರಡು ಬಗೆಯ ಮುಳ್ಳಿನ ಗಿಡಗಳು ಕಾಣಸಿಗುತ್ತವೆ. ಒಂದು ನಮ್ಮದೇ ನೆಲದ ಕಳ್ಳಿ, ಮತ್ತೊಂದು ಚಪ್ಪಟೆ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಕಾಣುವ ಪಾಪಾಸುಕಳ್ಳಿ. ಮರಾಠಿಯಲ್ಲಿ ಎರಡನ್ನೂ ನಿವಡುಂಗ ಎಂದೇ ಕರೆಯುವುದುಂಟು. ನೋಡುವುದಕ್ಕೆ ಇವು ಸೋದರರಂತೆ ಇದ್ದರೂ ಇವೆರಡಕ್ಕೂ ರಕ್ತಸಂಬಂಧವಿಲ್ಲ. ಪಾಪಾಸುಕಳ್ಳಿಯ ಮೂಲ ಅಮೆರಿಕ ಖಂಡ. ಅದು ಕಳೆದ ಕೆಲವು ಶತಮಾನಗಳಲ್ಲಿ ನಮ್ಮಲ್ಲಿಗೆ ಬಂದದ್ದು. ನಮ್ಮ ಕಳ್ಳಿ ಹರಳು ಗಿಡದ ಕುಟುಂಬಕ್ಕೆ ಸೇರಿದ್ದು. ಗುರುತಿಸುವ ಉಪಾಯವಿದೆ: ಕಳ್ಳಿಗೆ ಗಾಯವಾದರೆ ಬಿಳಿಯ ಹಾಲು ಒಸರುತ್ತದೆ, ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ. ಪಾಪಾಸುಕಳ್ಳಿಯ ಮುಳ್ಳು ಎಲೆಯ ರೂಪಾಂತರ. ನಮ್ಮ ಕಳ್ಳಿಯ ಮುಳ್ಳು ಎಲೆಯ ಬುಡದಲ್ಲಿರುವ ಉಪಪತ್ರಗಳಿಂದ ಆದದ್ದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಳ್ಳಿಯ ಹಾಲು ಮತ್ತು ಎಕ್ಕದ ಹಾಲು ಎರಡೂ ಕಣ್ಣಿಗೆ ಅಪಾಯಕಾರಿ. ಮಕ್ಕಳು ಇವುಗಳನ್ನು ಮುರಿಯಬಾರದು. ದೊಡ್ಡವರು ತೋರಿಸಿದರೂ ಕೈಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು.

ಸಾವಿರಾರು ಮೈಲು ದೂರದ ಎರಡು ಭೂಖಂಡಗಳಲ್ಲಿ, ಯಾವ ಸಂಬಂಧವೂ ಇಲ್ಲದ ಎರಡು ಸಸ್ಯಕುಲಗಳು ಒಂದೇ ರೂಪಕ್ಕೆ ಬಂದು ನಿಂತಿವೆ ಎಂಬುದೇ ಈ ಪಾಠದ ಸ್ವಾರಸ್ಯ. ನೀರಿನ ಬರ ಎಂಬ ಒಂದೇ ಕಷ್ಟಕ್ಕೆ ಎರಡೂ ಕಡೆ ಒಂದೇ ತೆರನಾದ ಪರಿಹಾರ ದೊರೆತಿದೆ: ಎಲೆಯನ್ನು ಕಿರಿದುಗೊಳಿಸು ಅಥವಾ ಬಿಟ್ಟುಬಿಡು, ಕಾಂಡವನ್ನು ಹಸಿರಾಗಿಸಿ ಅದರಿಂದಲೇ ಆಹಾರ ತಯಾರಿಸು, ನೀರನ್ನು ಕೂಡಿಡು, ಕದಿಯಲು ಬರುವವರಿಗೆ ಮುಳ್ಳು ತೋರಿಸು.

ಘಟ್ಟದಿಂದ ಬಯಲಿಗೆ ಒಂದು ಪಯಣ

ಈ ಪಾಠಕ್ಕೆ ಪುಣೆಯಷ್ಟು ಅನುಕೂಲವಾದ ಊರು ವಿರಳ. ನೈಋತ್ಯ ಮಾರುತದ ಮೋಡಗಳು ಅರಬ್ಬೀ ಸಮುದ್ರದಿಂದ ಬಂದು ಸಹ್ಯಾದ್ರಿಯ ಗೋಡೆಗೆ ಬಡಿದು ತಮ್ಮ ಭಾರವನ್ನು ಅಲ್ಲಿಯೇ ಇಳಿಸುತ್ತವೆ. ಲೋಣಾವಳದಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಪೂರ್ವಕ್ಕೆ ಸುಮಾರು 65 ಕಿಲೋಮೀಟರ್ ದೂರದ ಪುಣೆಯಲ್ಲಿ ಸುಮಾರು 700 ಮಿಲಿಮೀಟರ್ ಮಾತ್ರ. ನಮ್ಮ ನಾಡಿನವರಿಗೆ ಆಗುಂಬೆಯ ಸುಮಾರು 7000 ಮತ್ತು ವಿಜಯಪುರದ ಸುಮಾರು 600 ಮಿಲಿಮೀಟರ್ ಮಳೆಗಳನ್ನು ನೆನಪಿಸಿದರೆ ಈ ಅಂತರ ಇನ್ನೂ ಸ್ಪಷ್ಟವಾದೀತು. ಲೋಕಲ್ ರೈಲಿನಲ್ಲಿ ಒಂದೂವರೆ ಗಂಟೆ ಕುಳಿತರೆ ಮಗು ಒಂದು ಬಗೆಯ ಕಾಡಿನಿಂದ ಬೇರೊಂದು ಬಗೆಯ ಕಾಡಿಗೆ ಪ್ರಯಾಣ ಮಾಡಿರುತ್ತದೆ.

ಘಟ್ಟದ ತಲೆಯಲ್ಲಿ ಕಾಡು ವರ್ಷವಿಡೀ ಹಸಿರು. ಅಲ್ಲಿನ ಗಿಡಗಳ ಚಿಂತೆ ನೀರಿನ ಕೊರತೆಯಲ್ಲ. ಎಲೆಯ ಮೇಲೆ ಸದಾ ನಿಲ್ಲುವ ನೀರು ಮತ್ತು ದಟ್ಟ ನೆರಳಿನಲ್ಲಿ ಬೆಳಕಿನ ಅಭಾವ. ಆದ್ದರಿಂದ ತುದಿ ಚೂಪಾದ, ನೀರು ಜಾರಿಹೋಗುವಂತಹ ಎಲೆಗಳು ಮಳೆಕಾಡಿನಲ್ಲಿ ಹೆಚ್ಚು. ನಮ್ಮ ಅರಳಿಯ ಎಲೆಯ ಉದ್ದನೆಯ ಬಾಲವನ್ನೂ ಸಸ್ಯವಿಜ್ಞಾನಿಗಳು ಹೀಗೆಯೇ ವಿವರಿಸುತ್ತಾರೆ. ಮಳೆ ಬರುವಾಗ ಅರಳಿಯ ಒಂದು ಎಲೆಯನ್ನು ಮಗು ಗಮನಿಸಲಿ. ನೀರು ಆ ಬಾಲದ ತುದಿಯಿಂದ ಹನಿಹನಿಯಾಗಿ ಇಳಿಯುವುದನ್ನು ತಾನೇ ಕಾಣುತ್ತದೆ.

ಪುಣೆಯ ಟೇಕಡಿಗಳಿಗೆ ಬಂದರೆ ಕಥೆಯೇ ಬೇರೆ. ಸುಮಾರು 800 ಮೀಟರ್ ಎತ್ತರದ ವೇತಾಳ ಟೇಕಡಿಯ ಮೇಲೆ ಮಣ್ಣು ತೆಳು, ಬಂಡೆ ಹೆಚ್ಚು; ಮಳೆ ನಾಲ್ಕು ತಿಂಗಳು, ಬರ ಎಂಟು ತಿಂಗಳು. ಇಂತಹ ನೆಲದ ಮರಗಳು ಬೇಸಗೆಯ ಮುನ್ನವೇ ಎಲೆಗಳನ್ನು ಉದುರಿಸಿ ಖರ್ಚನ್ನು ತಗ್ಗಿಸುತ್ತವೆ. ಮುತ್ತುಗ, ಬೂರುಗಗಳು ಎಲೆಯಿಲ್ಲದ ಬರಿಗೊಂಬೆಗಳಲ್ಲಿಯೇ ಕೆಂಪಾದ ದೊಡ್ಡ ಹೂಗಳನ್ನು ಬಿಡುತ್ತವೆ. ಎಲೆಯ ಮರೆಯಿಲ್ಲದ ಕಾರಣ ಮಕರಂದಕ್ಕೆ ಬರುವ ಹಕ್ಕಿಗಳಿಗೆ ಆ ಹೂಗಳು ದೂರದಿಂದಲೇ ಕಾಣುತ್ತವೆ. ಸಹ್ಯಾದ್ರಿಯ ಪೂರ್ವದ ಒಣ ಇಳಿಜಾರುಗಳಲ್ಲಿ ಬೆಳೆಯುವ, ಮರಾಠಿಗರು ಕಾಂಡೋಳ ಅಥವಾ ಭೂತ್ಯಾ ಎನ್ನುವ ಮರದ ಬಿಳಿಯ ತೊಗಟೆ ಬೆಳದಿಂಗಳಲ್ಲಿ ದೆವ್ವದಂತೆ ಹೊಳೆಯುತ್ತದೆ. ಕಾಗದದಂತಹ ಆ ಹೊರಪದರದ ಕೆಳಗೆ ಹಸಿರು ಪದರವಿದ್ದು, ಎಲೆಯಿಲ್ಲದ ತಿಂಗಳುಗಳಲ್ಲಿಯೂ ಒಂದಿಷ್ಟು ಆಹಾರ ತಯಾರಾಗುತ್ತದೆ.

ಇನ್ನೂ ಪೂರ್ವಕ್ಕೆ, ಸೊಲ್ಲಾಪುರ, ವಿಜಯಪುರದ ಕಪ್ಪು ಮಣ್ಣಿನ ಬಯಲಿಗೆ ಇಳಿದರೆ ಜಾಲಿಯ ಸಾಮ್ರಾಜ್ಯ. ಅಗಲ ಎಲೆಯ ಬದಲು ಸಣ್ಣ ಸಣ್ಣ ಕಿರುಪತ್ರಗಳು, ಆಳದ ಬೇರು, ಬಿಳಿಯ ನೇರ ಮುಳ್ಳು. ಅದೇ ಹೊಲದಲ್ಲಿ ಹಿಂಗಾರಿ ಜೋಳ. ನಮ್ಮ ಮನೆಗಳ ರೊಟ್ಟಿಗೆ ಪ್ರಿಯವಾದ ಮಾಲದಂಡಿ ಜೋಳ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ರೂಪಿಸಿದ ತಳಿ. ಮಳೆ ನಿಂತ ಮೇಲೆ ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆಯೇ ಅದು ಬೆಳೆದು ತೆನೆಗಟ್ಟುತ್ತದೆ. ನೀರಿನ ಕೊರತೆಯಾದಾಗ ಜೋಳದ ಎಲೆ ಉದ್ದಕ್ಕೆ ಸುರುಳಿ ಸುತ್ತಿಕೊಂಡು ಬಿಸಿಲಿಗೆ ಒಡ್ಡುವ ಮೈಯನ್ನು ಕಿರಿದುಗೊಳಿಸುತ್ತದೆ. ಬಿಸಿಲು ಇಳಿದ ಮೇಲೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಸುತ್ತಿದ ಕರವಸ್ತ್ರದ ಪ್ರಯೋಗವನ್ನು ನೋಡಿದ ಮಗು ರಜೆಗೆ ಊರಿಗೆ ಹೋದಾಗ ಅಜ್ಜನ ಹೊಲದಲ್ಲಿ ಇದನ್ನು ಗುರುತಿಸದೆ ಇರದು.

ಬರಡು ಬಂಡೆ ಎಂಬ ಭ್ರಮೆ

ಗಿಡಮರಗಳಿಲ್ಲದ ಬಂಡೆಯ ಬಯಲನ್ನು ಕಂಡರೆ ಬರಡು ಭೂಮಿ ಎನ್ನುವುದು ನಮ್ಮ ರೂಢಿ. ಈ ರೂಢಿಯನ್ನು ಕಳಚುವುದಕ್ಕೆ ಸಾತಾರೆಯ ಬಳಿಯ ಕಾಸ್ ಪ್ರಸ್ಥಭೂಮಿಗಿಂತ ಉತ್ತಮ ಗುರುವಿಲ್ಲ. ಸುಮಾರು 1200 ಮೀಟರ್ ಎತ್ತರದ ಈ ಜಂಬಿಟ್ಟಿಗೆ ಕಲ್ಲಿನ ಬಯಲು ಪಶ್ಚಿಮ ಘಟ್ಟಗಳ ಇತರ ತಾಣಗಳೊಂದಿಗೆ 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೇಸಗೆಯಲ್ಲಿ ಇಲ್ಲಿ ಕಾಣುವುದು ಕಾದ ಕಲ್ಲು ಮಾತ್ರ. ಆಗಸ್ಟ್, ಸೆಪ್ಟೆಂಬರ್ ಬಂದೊಡನೆ ಅದೇ ಕಲ್ಲಿನ ಮೇಲೆ ನೇರಳೆ, ಹಳದಿ, ಬಿಳಿ ಹೂಗಳ ಜಮಖಾನೆ.

ಇಲ್ಲಿನ ಮಣ್ಣು ಕೆಲವೆಡೆ ಬೆರಳುದ್ದವೂ ಇಲ್ಲ. ಇರುವುದರಲ್ಲಿ ಸಾರಜನಕ ಅತ್ಯಲ್ಪ. ಮರಾಠಿಯಲ್ಲಿ ಸೀತೆಯ ಕಣ್ಣೀರು ಎಂಬ ಅರ್ಥದ ಹೆಸರಿರುವ ನೇರಳೆ ಬಣ್ಣದ ಪುಟ್ಟ ಯುಟ್ರಿಕ್ಯುಲೇರಿಯಾ ನೋಡಲು ಮುಗ್ಧ. ಆದರೆ ಅದರ ಬುಡದಲ್ಲಿರುವ ಸೂಕ್ಷ್ಮ ಚೀಲಗಳು ನೀರಿನಲ್ಲಿರುವ ಕಿರುಜೀವಿಗಳನ್ನು ಒಳಗೆಳೆದುಕೊಂಡು ಜೀರ್ಣಿಸುತ್ತವೆ. ಡ್ರಾಸೆರಾ ಎಂಬ ಗಿಡದ ಎಲೆಯ ಮೇಲಿನ ಇಬ್ಬನಿಯಂತಹ ಹನಿಗಳು ವಾಸ್ತವವಾಗಿ ಅಂಟು. ಕೂತ ಕೀಟ ಮತ್ತೆ ಏಳುವುದಿಲ್ಲ. ಮಣ್ಣಿನಲ್ಲಿ ದೊರೆಯದ ಸಾರಜನಕವನ್ನು ಇವು ಬೇಟೆಯಿಂದ ಪಡೆಯುತ್ತವೆ. ನೆಲದ ಆರ್ಕಿಡ್‌ಗಳು ಮತ್ತು ಸೆರೋಪೀಜಿಯಾದ ಹಲವು ಪ್ರಭೇದಗಳು ಮಳೆಗಾಲದ ಗಳಿಕೆಯನ್ನು ನೆಲದೊಳಗಿನ ಗೆಡ್ಡೆಯಲ್ಲಿ ಮುದ್ದತು ಠೇವಣಿಯಾಗಿಟ್ಟು, ಮೇಲಿನ ಅಂಗಡಿಯನ್ನು ಪೂರ್ತಿ ಮುಚ್ಚಿ ಮಲಗಿಬಿಡುತ್ತವೆ. ಅಡುಗೆಮನೆಯ ಬುಟ್ಟಿಯಲ್ಲಿ ನೀರಿಲ್ಲದೆಯೂ ಚಿಗುರುವ ಈರುಳ್ಳಿಯನ್ನು ತೋರಿಸಿದರೆ ಮಗುವಿಗೆ ಈ ಠೇವಣಿಯ ಅರ್ಥ ಕ್ಷಣದಲ್ಲಿ ಹೊಳೆಯುತ್ತದೆ.

ಇನ್ನು ಕೆಲವು ಸಸ್ಯಗಳಂತೂ ಪೂರ್ತಿ ಒಣಗಿ, ಸತ್ತಂತೆ ಬಿದ್ದಿದ್ದು, ಮಳೆ ಹನಿದೊಡನೆ ಮತ್ತೆ ಹಸಿರಾಗುತ್ತವೆ. ಬಂಡೆಯ ಮೇಲಿನ ಪಾಚಿ, ಕೆಲವು ಜರೀಗಿಡಗಳು, ಟ್ರೈಪೋಗಾನ್ ಕುಲದ ಹುಲ್ಲುಗಳು ಈ ಬಗೆಯವು. ಪುಣೆಯ ಆಘಾರಕರ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಪಶ್ಚಿಮ ಘಟ್ಟಗಳಲ್ಲಿ ಇಂತಹ 62 ಪ್ರಭೇದಗಳನ್ನು ಗುರುತಿಸಿರುವುದು 2024ರಲ್ಲಿ ಸುದ್ದಿಯಾಯಿತು. ಅದಕ್ಕೂ ಮೊದಲು ತಿಳಿದಿದ್ದವು ಒಂಬತ್ತು ಮಾತ್ರ. ನಾವು ಬರಡು ಎಂದು ಕರೆದ ಬಂಡೆಗಳ ಮೇಲೆಯೇ ಇವು ಹೆಚ್ಚಾಗಿ ನೆಲೆಸಿವೆ.

ಪುಣೆ ಜಿಲ್ಲೆಗೆ ಹೆಮ್ಮೆ ತರುವ ಮತ್ತೊಂದು ಸಸ್ಯ ಫ್ರೇರಿಯಾ ಇಂಡಿಕಾ. ಮರಾಠಿಯಲ್ಲಿ ಶಿಂದಳ ಮಾಕುಡಿ. 1860ರ ದಶಕದಲ್ಲಿ ಡಾಲ್ಜೆಲ್ ಎಂಬ ಸಸ್ಯವಿಜ್ಞಾನಿ ಇದನ್ನು ವಿವರಿಸಿ, ಆಗಿನ ಮುಂಬಯಿ ಪ್ರಾಂತದ ಗವರ್ನರ್ ಬಾರ್ಟಲ್ ಫ್ರೇರ್ ಅವರ ಹೆಸರಿಟ್ಟರು. ಮಹಾರಾಷ್ಟ್ರದ ಕೆಲವೇ ಬೆಟ್ಟಗಳ ಕಡಿದಾದ ಬಂಡೆಗಳಲ್ಲಿ, ಜುನ್ನರದ ಶಿವನೇರಿ ಕೋಟೆಯ ಆಸುಪಾಸಿನಲ್ಲಿಯೂ, ಇದು ಬೆಳೆಯುತ್ತದೆ. ಇದರ ಕಾಂಡ ರಸಭರಿತ. ಮಳೆಗಾಲದಲ್ಲಿ ಎಲೆ ಬಿಟ್ಟು, ಒಣಗಾಲದಲ್ಲಿ ಉದುರಿಸಿ, ಹಸಿರು ಕಾಂಡದಿಂದಲೇ ಜೀವನ ಸಾಗಿಸುತ್ತದೆ. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಈ ಸಸ್ಯ ಅಳಿವಿನ ಅಂಚಿನಲ್ಲಿದೆ. ಒಂದು ಬಂಡೆಗೆ ಇಷ್ಟು ನಿಖರವಾಗಿ ಹೊಂದಿಕೊಂಡ ಜೀವಕ್ಕೆ ಆ ಬಂಡೆ ಹೋದರೆ ಬೇರೆ ಮನೆಯಿಲ್ಲ.

ನೀರಿನಲ್ಲಿಯೂ ಕಷ್ಟವಿದೆ

ನೀರು ಹೆಚ್ಚಿದ್ದರೆ ಸುಖವೆಂದು ಮಕ್ಕಳು ಭಾವಿಸುವುದು ಸಹಜ. ಆದರೆ ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿಯಿಲ್ಲ. ತಾವರೆ ಈ ಕೊರತೆಯನ್ನು ಕೊಳವೆಗಳಿಂದ ನೀಗಿಕೊಂಡಿದೆ. ತರಕಾರಿ ಮಾರುಕಟ್ಟೆಯಲ್ಲಿ ಕೆಲವೊಮ್ಮೆ ದೊರೆಯುವ ತಾವರೆಯ ಗೆಡ್ಡೆಯನ್ನು ಅಡ್ಡಲಾಗಿ ಕತ್ತರಿಸಿ ತೋರಿಸಿ. ಚಕ್ರದಂತೆ ಜೋಡಿಸಿದ ಗಾಳಿಯ ದಾರಿಗಳು ಕಾಣುತ್ತವೆ. ಇತರ ಗಿಡಗಳಿಗೆ ಎಲೆಯ ಅಡಿಯಲ್ಲಿ ಹೆಚ್ಚಾಗಿರುವ ಪತ್ರರಂಧ್ರಗಳು ತಾವರೆಗೆ ಮೇಲ್ಭಾಗದಲ್ಲಿವೆ. ಅದನ್ನು ನೀರು ಮುಚ್ಚದಂತೆ ಮೇಣದ ಲೇಪವಿದೆ.

ಮುಳಾ-ಮುಠಾ ನದಿಯ ಮೇಲೆ ಹಸಿರು ಹಾಸಿನಂತೆ ಹರಡುವ ಜಲಪರ್ಣಿಯನ್ನು ಪುಣೆಯ ಎಲ್ಲ ಮಕ್ಕಳೂ ಕಂಡಿರುತ್ತಾರೆ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡದ ಎಲೆದಂಟು ಗಾಳಿ ತುಂಬಿದ ಬುರುಡೆಯಂತಿದ್ದು ತೇಲಲು ನೆರವಾಗುತ್ತದೆ. ನಗರದ ಕೊಳಚೆನೀರಿನಲ್ಲಿ ಅದಕ್ಕೆ ಗೊಬ್ಬರ ಯಥೇಚ್ಛ. ಅದನ್ನು ಹತೋಟಿಯಲ್ಲಿಡುತ್ತಿದ್ದ ತವರಿನ ಕೀಟಗಳು ಅದರೊಂದಿಗೆ ಇಲ್ಲಿಗೆ ಬರಲಿಲ್ಲ. ಹೊಂದಾಣಿಕೆಯೆಂಬುದು ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪಲ್ಲ, ಗಿಡ ಮತ್ತು ಅದರ ಪರಿಸರದ ನಡುವಿನ ಲೆಕ್ಕಾಚಾರ ಎಂಬುದಕ್ಕೆ ಇದೊಂದು ಉದಾಹರಣೆ.

ಉಡುಪಿ, ಕುಂದಾಪುರ, ಹೊನ್ನಾವರದ ಕಡೆಯವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಮಕ್ಕಳು ರಜೆಯಲ್ಲಿ ಪಂಚಗಂಗಾವಳಿಯ ಅಥವಾ ಶರಾವತಿಯ ಅಳಿವೆಯ ಕಾಂಡ್ಲಾ ವನಗಳನ್ನು ನೋಡಲೇಬೇಕು. ಉಪ್ಪುನೀರು, ಉಸಿರುಗಟ್ಟಿಸುವ ಕೆಸರು, ದಿನಕ್ಕೆರಡು ಬಾರಿ ಏರಿಳಿಯುವ ಭರತ ಎಂಬ ಮೂರು ಕಷ್ಟಗಳು ಅಲ್ಲಿ ಒಟ್ಟಿಗೇ ಇವೆ. ಒಂದು ಜಾತಿಯ ಮರ ಪೆನ್ಸಿಲ್‌ಗಳನ್ನು ನೆಟ್ಟಂತೆ ಉಸಿರಾಟದ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಕಳುಹಿಸುತ್ತದೆ. ಹೆಚ್ಚಾದ ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತದೆ. ಇನ್ನೊಂದು ಊರುಗೋಲಿನಂತಹ ಬೇರುಗಳ ಮೇಲೆ ನಿಲ್ಲುತ್ತದೆ. ಅದರ ಬೀಜ ತಾಯಿಮರದ ಮೇಲೆಯೇ ಮೊಳೆತು, ಉದ್ದನೆಯ ಸಸಿಯಾಗಿ ಬೆಳೆದ ಮೇಲೆಯೇ ಕೆಳಗೆ ಬೀಳುತ್ತದೆ.

ಗಿಡ ಬಯಸಿತೆ? ಒಂದು ಮುಖ್ಯ ತಿದ್ದುಪಡಿ

ಇಲ್ಲಿಯವರೆಗೆ ಉಪಾಯ, ಠೇವಣಿ, ಬೇಟೆ ಎಂಬ ಮಾತುಗಳನ್ನು ಬಳಸಿದ್ದೇವೆ. ಮಕ್ಕಳಿಗೆ ಕಥೆ ಹೇಳುವಾಗ ಇದು ಅನಿವಾರ್ಯ. ಆದರೆ ಕಥೆ ಮುಗಿದ ಮೇಲೆ ಒಂದು ಮಾತನ್ನು ಸ್ಪಷ್ಟಪಡಿಸದಿದ್ದರೆ ಪಾಠವೇ ತಪ್ಪುದಾರಿ ಹಿಡಿಯುತ್ತದೆ. ನೀರನ್ನು ಉಳಿಸಬೇಕೆಂದು ಕಳ್ಳಿ ಯೋಚಿಸಲಿಲ್ಲ. ಎಲೆಯನ್ನು ಮುಳ್ಳಾಗಿಸಿಕೊಳ್ಳೋಣವೆಂದು ನಿರ್ಧರಿಸಲೂ ಇಲ್ಲ. ಗಿಡಕ್ಕೆ ಬಯಕೆಯಿಂದ ರೂಪ ಬರುವುದಿಲ್ಲ.

ಹಾಗಾದರೆ ಹೇಗೆ ಬಂತು? 1859ರಲ್ಲಿ ಚಾರ್ಲ್ಸ್ ಡಾರ್ವಿನ್ ತಮ್ಮ ಗ್ರಂಥದಲ್ಲಿ ಮಂಡಿಸಿದ ನಿಸರ್ಗದ ಆಯ್ಕೆಯ ತತ್ತ್ವ ಇದಕ್ಕೆ ಉತ್ತರ. ಇದನ್ನು ಹತ್ತು ವರ್ಷದ ಮಗುವಿಗೂ ಒಂದು ಆಟದ ಮೂಲಕ ತಿಳಿಸಬಹುದು. ಹಸಿರು ಉಣ್ಣೆಯ ದಾರದ 20 ತುಣುಕುಗಳನ್ನೂ ಕೆಂಪು ದಾರದ 20 ತುಣುಕುಗಳನ್ನೂ ಮಳೆಗಾಲದ ಹುಲ್ಲಿನ ಮೇಲೆ ಚೆಲ್ಲಿ. ಮಕ್ಕಳು ಹಕ್ಕಿಗಳು, ತುಣುಕುಗಳು ಹುಳುಗಳು. ಒಟ್ಟು 20 ತುಣುಕುಗಳು ಸಿಕ್ಕೊಡನೆ ಆಟ ನಿಲ್ಲಿಸಿ. ಸಿಕ್ಕವುಗಳಲ್ಲಿ ಕೆಂಪೇ ಹೆಚ್ಚಿರುತ್ತದೆ. ಹುಲ್ಲಿನಲ್ಲಿ ಉಳಿದ ಪ್ರತಿ ತುಣುಕಿಗೂ ಅದೇ ಬಣ್ಣದ ಒಂದು ಮರಿಯನ್ನು ಸೇರಿಸಿ. ಸಂಖ್ಯೆ ಮತ್ತೆ 40 ಆಗುತ್ತದೆ. ಹೀಗೆ ಮೂರು ನಾಲ್ಕು ಸುತ್ತು ಆಡಿದರೆ ಹುಲ್ಲಿನ ಮೇಲೆ ಹೆಚ್ಚುಕಡಿಮೆ ಹಸಿರೇ ಉಳಿಯುತ್ತದೆ. ಯಾವ ದಾರವೂ ಬಣ್ಣ ಬದಲಿಸಲಿಲ್ಲ, ಯಾವುದೂ ಬಯಸಲಿಲ್ಲ. ಆದರೂ ಸಮೂಹದ ಬಣ್ಣ ಬದಲಾಯಿತು. ಅನಂತರ ಅದೇ ಆಟವನ್ನು ಕೆಂಪು ಮಣ್ಣಿನ ಮೇಲೆ ಆಡಿಸಿ. ಈಗ ಗೆಲ್ಲುವುದು ಕೆಂಪು. ಯಾವ ಗುಣ ಉಪಯುಕ್ತ ಎಂಬುದನ್ನು ನೆಲವೇ ತೀರ್ಮಾನಿಸುತ್ತದೆ ಎಂಬ ಅರಿವು ಈ ಎರಡನೆಯ ಆಟದಿಂದ ಮೂಡುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಕಿಟಕಿಯ ಬಳಿಯ ಕುಂಡದ ಗಿಡ ಬೆಳಕಿನ ಕಡೆಗೆ ಬಾಗುತ್ತದೆ. ಮುಟ್ಟಿದರೆ ಮುನಿ ಮುಟ್ಟಿದೊಡನೆ ಎಲೆ ಮುಚ್ಚುತ್ತದೆ. ಇವು ಒಂದೇ ಗಿಡ ತನ್ನ ಆಯುಷ್ಯದಲ್ಲಿ ತೋರುವ ಪ್ರತಿಕ್ರಿಯೆಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಒಂದು ಜೀವದ ಮಾತನ್ನು ಹೇಳುತ್ತದೆ. ಹೊಂದಾಣಿಕೆ ವಂಶದ ಮಾತು. ಅದಕ್ಕೆ ಸಾವಿರಾರು ತಲೆಮಾರುಗಳು ಬೇಕು. ಹೀಗೆ ಬಾಗಬಲ್ಲ, ಮುದುಡಬಲ್ಲ ಶಕ್ತಿಯೇ ಆ ವಂಶದ ಹೊಂದಾಣಿಕೆಯಿಂದ ಬಂದ ಆಸ್ತಿ.

ಈ ಪಾಠ ಏಕೆ ಮುಖ್ಯ?

ಇದು ಕೇವಲ ಪರೀಕ್ಷೆಯ ಅಂಕಗಳ ವಿಷಯವಲ್ಲ. ಪುಣೆಯ ಟೇಕಡಿಗಳನ್ನು ಹಸಿರಾಗಿಸುವ ಸದುದ್ದೇಶದಿಂದ ಹಿಂದೆ ಮಧ್ಯ ಅಮೆರಿಕ ಮೂಲದ ಗ್ಲಿರಿಸಿಡಿಯಾವನ್ನು, ಅಂದರೆ ನಮ್ಮ ರೈತರು ಗೊಬ್ಬರದ ಗಿಡವೆಂದು ಕರೆಯುವ ಮರವನ್ನು, ಅಪಾರ ಪ್ರಮಾಣದಲ್ಲಿ ನೆಡಲಾಯಿತು. ಮರವೇನೋ ಬೆಳೆಯಿತು. ಆದರೆ ಆ ನೆಲಕ್ಕೇ ಹೊಂದಿಕೊಂಡಿದ್ದ ಹುಲ್ಲು, ಗೆಡ್ಡೆಗಿಡ, ಕಿರುಹೂಗಳ ಜಾಗ ಕಿರಿದಾಯಿತೆಂದು ಪರಿಸರ ತಜ್ಞರು ಆಕ್ಷೇಪಿಸುತ್ತ ಬಂದಿದ್ದಾರೆ. ಬೇಸಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವುದು, ಬಂಡೆಯ ಬಯಲನ್ನು ಖಾಲಿ ಜಾಗವೆಂದು ತಿಳಿದು ಅಗೆಯುವುದು, ಅದರ ಮೇಲೆ ಮಣ್ಣು ಸುರಿದು ಸಸಿ ನೆಡುವುದು ಇವೆಲ್ಲ ನಡೆದೇ ಇವೆ. ಕಾಸ್ ಬಯಲನ್ನು ಅರ್ಥಮಾಡಿಕೊಂಡ ಮಗು ನಾಳೆ ನಗರಸಭೆಯ ಸದಸ್ಯನಾದಾಗ, ಎಂಜಿನಿಯರ್ ಆದಾಗ, ಅಥವಾ ಕೇವಲ ತೆರಿಗೆ ಕಟ್ಟುವ ನಾಗರಿಕನಾದಾಗಲೂ, ಮರವಿಲ್ಲದ ನೆಲವೆಲ್ಲ ಬರಡಲ್ಲ ಎಂದು ಧೈರ್ಯವಾಗಿ ಹೇಳಬಲ್ಲದು.

ನಮ್ಮ ಮಕ್ಕಳಿಗೆ ಮತ್ತೊಂದು ವಿಶೇಷ ಕಷ್ಟವೂ ವಿಶೇಷ ಲಾಭವೂ ಇದೆ. ಶಾಲೆಯಲ್ಲಿ ಗಿಡದ ಹೆಸರು ಇಂಗ್ಲಿಷ್, ಓಣಿಯಲ್ಲಿ ಮರಾಠಿ, ಮನೆಯಲ್ಲಿ ಅಜ್ಜಿ ಹೇಳುವುದು ಕನ್ನಡ. ವಡ ಎಂದರೆ ಆಲ, ಪಿಂಪಳ ಎಂದರೆ ಅರಳಿ, ಪಳಸ ಎಂದರೆ ಮುತ್ತುಗ, ಸಾವರ ಎಂದರೆ ಬೂರುಗ, ಬಾಭೂಳ ಎಂದರೆ ಜಾಲಿ, ರುಯಿ ಎಂದರೆ ಎಕ್ಕ. ಮಗು ಒಂದು ವಹಿಯಲ್ಲಿ ಮೂರು ಕಲಮುಗಳನ್ನು ಎಳೆದು ಈ ಹೆಸರುಗಳನ್ನು ಬರೆಯಲಿ. ನಾಲ್ಕನೆಯ ಕಲಮಿನಲ್ಲಿ ಆ ಗಿಡ ನೀರನ್ನು ಹೇಗೆ ಉಳಿಸುತ್ತದೆ, ಶತ್ರುವನ್ನು ಹೇಗೆ ದೂರವಿಡುತ್ತದೆ, ಬೀಜವನ್ನು ಯಾರ ಕೈಯಲ್ಲಿ ಕಳುಹಿಸುತ್ತದೆ ಎಂಬುದನ್ನು ತಾನು ಕಂಡಂತೆ ದಾಖಲಿಸಲಿ. ಹೆಸರು ತಿಳಿದ ಗಿಡವನ್ನು ಮಗು ಸುಮ್ಮನೆ ಮುರಿಯುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಭವ್ಯ ಪರಂಪರೆಯೇ ಇದೆ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ರಚಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡುಮೇಡು ಸುತ್ತಿಸಿದ ಅನುಭವಗಳನ್ನು ‘ಹಸುರು ಹೊನ್ನು’ ಕೃತಿಯಲ್ಲಿ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರೂ ನಮ್ಮಂತೆಯೇ ಹೊರನಾಡಿನಲ್ಲಿದ್ದು ಕನ್ನಡದಲ್ಲಿ ಬರೆದವರು ಎಂಬುದು ಸ್ಮರಣೀಯ. ಪುಣೆಯಲ್ಲಿಯೂ ಅನುಕೂಲಗಳಿಗೆ ಕೊರತೆಯಿಲ್ಲ. ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯದ ಕಚೇರಿ 1955ರಿಂದ ಇಲ್ಲಿದೆ. ಎಂಪ್ರೆಸ್ ಗಾರ್ಡನ್‌ನಲ್ಲಿ ಹಳೆಯ ಮರಗಳೂ ಬೃಹತ್ ಬಳ್ಳಿಗಳೂ ಇವೆ. ಶ್ರೀಕಾಂತ ಇಂಗಳಹಳ್ಳಿಕರ್ ಅವರ ಸಹ್ಯಾದ್ರಿಯ ಹೂಗಳ ಕುರಿತ ಸಚಿತ್ರ ಪುಸ್ತಕ ಚಾರಣಿಗರ ಚೀಲದಲ್ಲಿ ಇಂದಿಗೂ ಇರುತ್ತದೆ.

ಆದ್ದರಿಂದ ಪಾಲಕರಲ್ಲಿ ಒಂದು ವಿನಂತಿ. ವರ್ಷಕ್ಕೆ ಎರಡು ಬಾರಿ, ಆಗಸ್ಟ್ ತಿಂಗಳಲ್ಲೊಮ್ಮೆ ಮತ್ತು ಏಪ್ರಿಲ್ ತಿಂಗಳಲ್ಲೊಮ್ಮೆ, ಮನೆಗೆ ಸಮೀಪದ ಒಂದೇ ಟೇಕಡಿಗೆ, ಒಂದೇ ದಾರಿಯಲ್ಲಿ ಮಕ್ಕಳನ್ನು ಕರೆದೊಯ್ಯಿರಿ. ಹೂ ಕೀಳುವುದು ಬೇಡ, ಗಿಡ ಅಗೆದು ತರುವುದು ಬೇಡ. ನೋಡುವುದು, ಬರೆದುಕೊಳ್ಳುವುದು ಸಾಕು. ಆಗಸ್ಟ್‌ನಲ್ಲಿ ಕಂಡ ಹಸಿರು ಏಪ್ರಿಲ್‌ನಲ್ಲಿ ಎಲ್ಲಿ ಹೋಯಿತು ಎಂದು ಮಗು ಕೇಳಿದರೆ ಉತ್ತರವನ್ನು ಅವಸರದಿಂದ ಹೇಳಬೇಡಿ. ಬೀಜದಲ್ಲಿಯೋ, ಗೆಡ್ಡೆಯಲ್ಲಿಯೋ, ತೊಗಟೆಯ ಕೆಳಗೋ, ಒಣಗಿದಂತೆ ಕಾಣುವ ಹುಲ್ಲಿನ ಬುಡದಲ್ಲಿಯೋ ಎಂದು ಅದೇ ಹುಡುಕಲಿ. ಅದರ ವಹಿಯಲ್ಲಿ ಆ ದಿನ ಬರೆದ ಪುಟ ಯಾವ ಪಠ್ಯಪುಸ್ತಕದ ಪುಟಕ್ಕೂ ಕಡಿಮೆಯಲ್ಲ.